ವಯಸ್ಸೋ, ಕಾಯಿಲೆಯೋ: ಮನೆಯ ಹಿರಿಯರಲ್ಲಿನ ಬದಲಾವಣೆ ಗುರುತಿಸುವುದು ಹೇಗೆ?

ಅರವತ್ತು ದಾಟಿದವರು ಸೊಂಟ ನೋಯುತ್ತಿದೆ ಎಂದರೂ, ಊಟ ಸೇರುತ್ತಿಲ್ಲ ಎಂದರೂ, ಬೆಳಿಗ್ಗೆ ಹೇಳಿದ್ದನ್ನು ಸಂಜೆಗೆ ಮರೆತರೂ ಮನೆಯವರು ಕೊಡುವ ಉತ್ತರ ಒಂದೇ: ‘ವಯಸ್ಸಾಯಿತಲ್ಲ, ಬಿಡಿ’. ಈ ಮಾತಿನಲ್ಲಿ ಅರ್ಧದಷ್ಟು ಮಾತ್ರ ನಿಜವಿದೆ. ವಯಸ್ಸು ತರುವ ಬದಲಾವಣೆಗಳು ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಬರುತ್ತವೆ. ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಕಾಣಿಸಿಕೊಂಡ ಬದಲಾವಣೆಗೆ ಬಹುತೇಕ ಬೇರೆ ಕಾರಣವಿರುತ್ತದೆ ಮತ್ತು ಎಷ್ಟೋ ಸಲ ಆ ಕಾರಣಕ್ಕೆ ಚಿಕಿತ್ಸೆಯೂ ಇರುತ್ತದೆ. ಎರಡನ್ನೂ ಬೇರ್ಪಡಿಸಿ ನೋಡುವ ಕೆಲಸವನ್ನು ಮನೆಯಲ್ಲಿಯೇ ಆರಂಭಿಸಬಹುದು.

ಮೊದಲು ನಡಿಗೆ ಮತ್ತು ಕಾಲಿನ ಬಲ

ನಡುವಯಸ್ಸಿನಿಂದಲೇ ಸ್ನಾಯುಗಳು ಕರಗತೊಡಗುತ್ತವೆ; ಅರವತ್ತರ ನಂತರ ಆ ವೇಗ ಹೆಚ್ಚುತ್ತದೆ. ಎಷ್ಟು ಕರಗಿವೆ ಎಂಬುದನ್ನು ಅಂದಾಜು ಮಾಡಲು ವಿಶ್ವ ಆರೋಗ್ಯ ಸಂಸ್ಥೆಯ ಹಿರಿಯರ ಆರೈಕೆ ಮಾರ್ಗಸೂಚಿಯಲ್ಲಿ ಒಂದು ಸರಳ ಪರೀಕ್ಷೆಯಿದೆ. ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಆನಿಸಿಡಿ. ಹಿರಿಯರು ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಕೈ ಊರದೆ, ಐದು ಸಲ ಎದ್ದು ಕೂರಲಿ. ಇದು 14 ಸೆಕೆಂಡಿನೊಳಗೆ ಮುಗಿಯದಿದ್ದರೆ ಕಾಲಿನ ಬಲ ಕುಂದಿದೆಯೆಂದು ತಿಳಿದು ವೈದ್ಯರಿಗೆ ಹೇಳಬೇಕು. ಪಕ್ಕದಲ್ಲಿ ಒಬ್ಬರು ನಿಂತಿರುವುದು ಕಡ್ಡಾಯ. ತೀವ್ರ ಮಂಡಿನೋವು ಇರುವವರಿಗೆ ಈ ಪರೀಕ್ಷೆ ಬೇಡ.

ಮಲಗಿದಲ್ಲಿಂದ ಎದ್ದ ಕೂಡಲೇ ಕಣ್ಣು ಕತ್ತಲಿಡುತ್ತದೆಯೇ ಎಂದೂ ಕೇಳಿ. ಎದ್ದುನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಬೀಳುವ ಅಪಾಯವಿದೆ. ನೀರು ಸಾಲದಿರುವುದು ಇದಕ್ಕೆ ಕಾರಣವಿರಬಹುದು, ಬಿಪಿ ಮಾತ್ರೆಯ ಪ್ರಮಾಣ ಹೆಚ್ಚಾಗಿರುವುದೂ ಇರಬಹುದು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುವುದರಿಂದ, ಕೇಳಿದಾಗ ಮಾತ್ರ ನೀರು ಕೊಡುವ ಕ್ರಮ ಹಿರಿಯರ ವಿಷಯದಲ್ಲಿ ಸಾಲದು.

ಕೀಲುನೋವಿನ ಜೊತೆಗೆ ಕುಡಿಯುವ ನೀರನ್ನೂ ನೋಡಿ

ಈ ಹೆಜ್ಜೆ ನಮ್ಮ ಭಾಗದವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ, ತುಮಕೂರು ಜಿಲ್ಲೆಯ ಪಾವಗಡದಂತಹ ತಾಲ್ಲೂಕುಗಳಲ್ಲಿ ಸಾವಿರ ಅಡಿ ಕೊರೆದ ಕೊಳವೆಬಾವಿಗಳು ಹೊಸದಲ್ಲ, ಆ ನೀರಿನಲ್ಲಿ ಬಂಡೆಯಿಂದ ಕರಗಿ ಸೇರಿದ ಫ್ಲೋರೈಡ್ ಇರುವುದೂ ಹೊಸದಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಸಿಗದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಇದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ಹತ್ತಾರು ವರ್ಷ ಕುಡಿದವರ ಮೂಳೆಗಳಲ್ಲಿ ಅದು ಸಂಗ್ರಹವಾಗಿ, ಕುತ್ತಿಗೆ ಮತ್ತು ಬೆನ್ನು ಬಿಗಿಯುತ್ತವೆ, ಕೀಲುಗಳು ಮಡಚಲು ಬಾರದಂತಾಗುತ್ತವೆ. ಮೇಲ್ನೋಟಕ್ಕೆ ಇದು ಮುಪ್ಪಿನ ಸಂಧಿವಾತದಂತೆಯೇ ಕಾಣುವುದರಿಂದ, ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುತ್ತಾ ಅದೇ ನೀರನ್ನು ಕುಡಿಯುತ್ತಿರುವವರು ಇದ್ದಾರೆ.

ಗುರುತಿಸಲು ಮೂರು ಚಲನೆಗಳನ್ನು ಮಾಡಿಸಿ ನೋಡಬಹುದು: ಮಂಡಿ ಮಡಚದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ಹಿಂದಲೆಗೆ ಒಯ್ಯುವುದು. ಇವು ಕಷ್ಟವಾದ ಮಾತ್ರಕ್ಕೆ ಫ್ಲೋರೋಸಿಸ್ (ಫ್ಲೋರೈಡ್‌ನಿಂದ ಬರುವ ಈ ಕಾಯಿಲೆ) ಎಂದು ತೀರ್ಮಾನಿಸುವಂತಿಲ್ಲ. ಎಕ್ಸ್‌ರೇ ಮತ್ತು ಮೂತ್ರ ಪರೀಕ್ಷೆ ಬೇಕಾಗುತ್ತದೆ. ಬಿಗಿದ ಮೂಳೆ ಮೊದಲಿನಂತಾಗುವುದಿಲ್ಲ, ಆದರೆ ನೀರು ಬದಲಿಸಿದರೆ ತೊಂದರೆ ಮುಂದುವರಿಯುವುದನ್ನು ತಡೆಯಬಹುದು. ನೀರನ್ನು ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಹಾಗೆಯೇ, ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯಲು ಮಾತ್ರ ಬಳಸಿ, ಮುದ್ದೆಗೆ ಎಸರಿಡಲು ಮತ್ತು ಸಾರಿಗೆ ಕೊಳವೆಬಾವಿಯ ನೀರನ್ನೇ ಹಾಕಿದರೆ ಪ್ರಯತ್ನ ಅರ್ಧಕ್ಕೇ ನಿಂತಂತೆ.

ತಟ್ಟೆಯಲ್ಲಿ ಏನು ಉಳಿಯುತ್ತಿದೆ?

ಹಲ್ಲಿಲ್ಲದವರಿಗೆ ಮುದ್ದೆ ಅನುಕೂಲದ ಊಟ, ರಾಗಿಯಲ್ಲಿ ಸುಣ್ಣದ ಅಂಶವೂ ಬೇಕಾದಷ್ಟಿದೆ. ಆದರೆ ಕಾಳನ್ನು ಅಗಿಯಲಾರದೆ ಸಾರಿನ ತಿಳಿಯನ್ನಷ್ಟೇ ಉಣ್ಣುವ ಹಿರಿಯರಿಗೆ ಸ್ನಾಯು ಉಳಿಸಿಕೊಳ್ಳಲು ಬೇಕಾದ ಪ್ರೋಟೀನ್ ಸಿಗುವುದಿಲ್ಲ. ಹುರುಳಿ, ಅಲಸಂದೆ, ಅವರೆಕಾಳನ್ನು ಚೆನ್ನಾಗಿ ಬೇಯಿಸಿ ಮಸೆದು ಕೊಡಬಹುದು. ಹಿದುಕಿದ ಬೇಳೆಯಾದರೆ ಇನ್ನೂ ಮೆತ್ತಗಿರುತ್ತದೆ. ಪಾರ್ಶ್ವವಾಯು ಆದವರಿಗೆ ಮಾತ್ರ ಮುದ್ದೆ ನುಂಗಿಸುವ ಮೊದಲು ವೈದ್ಯರನ್ನು ಕೇಳಬೇಕು, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಯಾವ ಪ್ರಯತ್ನವೂ ಇಲ್ಲದೆ ಮೂರು ತಿಂಗಳಲ್ಲಿ 3 ಕಿಲೋಗ್ರಾಂಗಿಂತ ಹೆಚ್ಚು ತೂಕ ಇಳಿದಿದ್ದರೆ ಅದಕ್ಕೆ ವಯಸ್ಸು ಕಾರಣವಲ್ಲ, ಪರೀಕ್ಷೆ ಮಾಡಿಸಬೇಕು.

ಕಣ್ಣು, ಕಿವಿ

ಪೊರೆಗೆ ಶಸ್ತ್ರಚಿಕಿತ್ಸೆಯಿದೆ ಎಂಬುದು ಈಗ ಎಲ್ಲರಿಗೂ ಗೊತ್ತು. ಕಿವಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಪ್ಪಿನಲ್ಲಿ ಮೊದಲು ಮಂದವಾಗುವುದು ಕೀರಲು ಸ್ವರಗಳು. ಹಾಗಾಗಿ ಮೊಮ್ಮಕ್ಕಳ ಮಾತು ತಿಳಿಯದೆ ಗಂಡಸರ ದಪ್ಪ ದನಿ ತಿಳಿಯುತ್ತದೆ. ‘ತಾತನಿಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ’ ಎಂಬ ದೂರಿನ ಹಿಂದಿರುವ ವಿಜ್ಞಾನ ಇಷ್ಟೇ. ಕೂಗುವ ಬದಲು ಎದುರಿಗೆ ಕುಳಿತು, ಟಿವಿ ಆರಿಸಿ, ನಿಧಾನವಾಗಿ ಮಾತನಾಡಿ. ಗುಗ್ಗೆ ಕಟ್ಟಿದೆಯೇ ಎಂದು ಮೊದಲು ತೋರಿಸಿ, ಆಮೇಲೆ ಶ್ರವಣ ಸಾಧನದ ಯೋಚನೆ ಮಾಡಿ.

ನೆನಪನ್ನು ಅವರ ಭಾಷೆಯಲ್ಲಿ ಪರೀಕ್ಷಿಸಿ

ಹೆಸರು ಥಟ್ಟನೆ ಹೊಳೆಯದಿರುವುದು, ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಾಗುವುದು ವಯಸ್ಸಿನ ಸಹಜ ಲಕ್ಷಣಗಳು. ಪದಸಂಪತ್ತು, ಅನುಭವದಿಂದ ಬಂದ ವಿವೇಚನೆ ಇವು ಬಹುಕಾಲ ಉಳಿಯುತ್ತವೆ. ಆದರೆ ಒಂದೇ ಪ್ರಶ್ನೆಯನ್ನು ಗಳಿಗೆಗೊಮ್ಮೆ ಕೇಳುವುದು, ದಿನವೂ ಓಡಾಡುವ ದಾರಿಯಲ್ಲಿ ತಪ್ಪಿಸಿಕೊಳ್ಳುವುದು, ಕೈಯಲ್ಲಿನ ನೋಟು ಎಷ್ಟರದ್ದೆಂದು ತಿಳಿಯದಿರುವುದು ಮರೆವಿನ ಕಾಯಿಲೆಯ ಸುಳಿವುಗಳು. ಪರಿಚಿತವಾದ ಮೂರು ಪದಗಳನ್ನು ಹೇಳಿ, ಸ್ವಲ್ಪ ಹೊತ್ತು ಬೇರೆ ಮಾತನಾಡಿ, ನಂತರ ಅವನ್ನು ಮರಳಿ ಹೇಳಿಸಿ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡ ಕಡೆ ಮನೆಮಾತು ತೆಲುಗಾಗಿರುವ ಹಿರಿಯರು ಬಹಳ ಮಂದಿಯಿದ್ದಾರೆ. ಅವರನ್ನು ತೆಲುಗಿನಲ್ಲೇ ಕೇಳಬೇಕು, ಇಲ್ಲವಾದರೆ ಭಾಷೆಯ ತೊಡಕು ನೆನಪಿನ ತೊಡಕಾಗಿ ಕಾಣುತ್ತದೆ.

ಮರೆವೆಲ್ಲವೂ ಗುಣವಾಗದ ಕಾಯಿಲೆಯಲ್ಲ. ಬಿ12 ವಿಟಮಿನ್ ಕೊರತೆ, ಥೈರಾಯ್ಡ್ ಮಂದವಾಗುವುದು, ಕೆಲವು ಮಾತ್ರೆಗಳು, ಖಿನ್ನತೆ ಇವೆಲ್ಲವೂ ನೆನಪನ್ನು ಕುಂದಿಸುತ್ತವೆ, ಇವು ಸರಿಪಡಿಸಬಹುದಾದವು. ಹಿರಿಯರ ಖಿನ್ನತೆ ಅಳುವಿನ ರೂಪದಲ್ಲಿ ಬರುವುದು ಕಡಿಮೆ. ಮೈಕೈ ನೋವು, ನಿದ್ರೆಗೇಡು, ಯಾವುದೂ ಬೇಡವೆನ್ನುವ ಮನಸ್ಸು ಇವೇ ಅದರ ಮುಖಗಳು. ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು.

ಕೆಲಸ, ನಂಟು, ಆಸ್ತಿ

ಮಗ ಬೆಂಗಳೂರಿಗೆ ಹೋದ, ಹಸು ಮಾರಿದ್ದಾಯಿತು, ರೇಷ್ಮೆ ಬೆಳೆ ನಿಂತಿತು, ಬ್ಯಾಂಕಿನ ಪಾಸ್‌ಬುಕ್ ಸೊಸೆಯ ಕೈ ಸೇರಿತು. ಹೀಗೆ ಒಂದೊಂದಾಗಿ ಕಳಚುವ ಜವಾಬ್ದಾರಿಗಳು ಮಂಡಿನೋವಿಗಿಂತ ಹೆಚ್ಚು ಕುಗ್ಗಿಸುತ್ತವೆ ಎಂಬುದು ನನ್ನ ಅಭಿಪ್ರಾಯ. ‘ನೀವು ಸುಮ್ಮನೆ ಕೂತಿರಿ’ ಎನ್ನುವುದು ಗೌರವದ ಮಾತಿನಂತೆ ಕಂಡರೂ ಅದರ ಪರಿಣಾಮ ಒಳ್ಳೆಯದಲ್ಲ. ಡೈರಿಗೆ ಹಾಲು ಹಾಕಿ ಬರುವುದು, ಅವರೆಕಾಯಿ ಸುಲಿಯುವುದು, ಮನೆಯ ಖರ್ಚಿನ ಮಾತುಕತೆ ಇವುಗಳಲ್ಲಿ ಅವರ ಪಾಲನ್ನು ಉಳಿಸಿ. 2023ರ ಜೂನ್‌ನಿಂದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣವಿರುವುದರಿಂದ ಅಜ್ಜಿ ಆಗಾಗ ತವರಿನ ಕಡೆ ಹೋಗಿಬರಲು ಚಾರ್ಜಿನ ಚಿಂತೆಯಿಲ್ಲ. ಅರವತ್ತು ದಾಟಿದ ಗಂಡಸರಿಗೂ ಟಿಕೆಟ್ ದರದಲ್ಲಿ ಶೇ 25ರಷ್ಟು ರಿಯಾಯಿತಿಯಿದೆ.

ಆಸ್ತಿಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವ ಹಿರಿಯರು, ತಮ್ಮ ಆರೈಕೆಯ ಷರತ್ತನ್ನು ಪತ್ರದಲ್ಲಿಯೇ ಬರೆಸುವುದು ಕ್ಷೇಮ. ಷರತ್ತು ಮುರಿದರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಸೆಕ್ಷನ್ ಅನ್ವಯ ಆ ಪತ್ರವನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಯನ್ನು ಕೋರಬಹುದು. ಮಾಹಿತಿಗೆ ಹಿರಿಯರ ಸಹಾಯವಾಣಿ 14567 ಇದೆ.

ವೈದ್ಯರ ಬಳಿ ಹೋಗುವಾಗ

ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಒಯ್ಯಿರಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆ, ನಾಟಿ ಔಷಧಿ, ಚೂರ್ಣ ಯಾವುದನ್ನೂ ಬಿಡಬೇಡಿ. ದೀರ್ಘಕಾಲ ನುಂಗಿದ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಯಾವ ತೊಂದರೆ ಯಾವ ಹಬ್ಬದ ಸುಮಾರಿಗೆ ಶುರುವಾಯಿತು ಎಂದು ನೆನಪಿಸಿಕೊಂಡು ಹೇಳಿದರೂ ಸಾಕು, ವೈದ್ಯರಿಗೆ ಅದು ಬಹಳ ಉಪಯುಕ್ತ. ಕೇಳಿದ ಪ್ರಶ್ನೆಗೆ ಮೊದಲು ಹಿರಿಯರೇ ಉತ್ತರಿಸಲಿ, ಬಿಟ್ಟುಹೋದದ್ದನ್ನು ನೀವು ಸೇರಿಸಿ.

ಕೆಲವು ಲಕ್ಷಣಗಳಿಗೆ ಈ ಯಾವ ಪರೀಕ್ಷೆಯೂ ಬೇಡ. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈಯ ಬಲ ಹೋಗುವುದು, ಮಾತು ತೊದಲುವುದು, ನಿನ್ನೆಯವರೆಗೆ ಚೆನ್ನಾಗಿದ್ದವರು ಇಂದು ಏಕಾಏಕಿ ಅಸಂಬದ್ಧವಾಗಿ ಮಾತನಾಡುವುದು ಕಂಡುಬಂದರೆ, ಬೆಂಗಳೂರಿನಿಂದ ಮಗ ಬರಲೆಂದು ಕಾಯದೆ ಆಗಲೇ 108ಕ್ಕೆ ಕರೆ ಮಾಡಬೇಕು.