ಹಾಳೆ ಗಾಡಿ ಜಾರಿ ಜಾರಿ: ಪ್ರಾಸದ ಚಿತ್ರಪುಸ್ತಕ ಮಾಡಿದ ನನ್ನ ಅನುಭವ

ಕನ್ನಡದಲ್ಲಿ ಸಾಲಿನ ಕೊನೆಗೆ ಪ್ರಾಸ ಕೂರಿಸುವುದು ಬಹಳ ಸುಲಭ. ಕ್ರಿಯಾಪದ ಹೇಗೂ ಕೊನೆಗೇ ಬರುತ್ತದೆ. 'ಓಡಿತು, ಹಾರಿತು, ಮಲಗಿತು' ಅಂತ ಸುಮ್ನೆ ಬರೆದುಕೊಂಡು ಹೋದರೂ ಪ್ರಾಸ ಆದ ಹಾಗೆ ಕಾಣುತ್ತದೆ. ಆದರೆ ಮಗುವಿನ ಕಿವಿಗೆ ಅಲ್ಲಿ ಸಿಗುವುದು 'ಇತು, ಇತು, ಇತು' ಅಷ್ಟೇ. ಮುಂದೇನು ಬರಬಹುದು ಎಂದು ಊಹಿಸುವ ಆಟವೇ ಇಲ್ಲ.

ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ತರಗತಿಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪಕ್ಕದಲ್ಲೇ ಅಂಗನವಾಡಿ. ಈ ಮಕ್ಕಳಿಗೆಂದು ಪ್ರಾಸದ ಚಿತ್ರಪುಸ್ತಕ ಮಾಡಲು ಕೂತಾಗ ನಾನು ಮೊದಲು ಹಾಕಿಕೊಂಡ ನಿಯಮ ಇದು: ಸಾಲಿನ ಕೊನೆಗೆ ಕ್ರಿಯಾಪದ ಬೇಡ. ವಸ್ತುವಿನ ಹೆಸರು ಇರಲಿ, ಇಲ್ಲವೇ ಸದ್ದಿನ, ಚಲನೆಯ ಮಾತು ಇರಲಿ. ಹೆಸರಿದ್ದರೆ ಅದರ ಚಿತ್ರ ಬರೆಯಬಹುದು. ಚಿತ್ರ ಇದ್ದರೆ ಅಕ್ಷರ ಬಾರದ ಮಗುವೂ ಕೊನೆಯ ಮಾತನ್ನು ತಾನೇ ಕೂಗಿ ಹೇಳುತ್ತದೆ. ಪ್ರಾಸದ ಪುಸ್ತಕದಿಂದ ನನಗೆ ಬೇಕಾಗಿದ್ದು ಆ ಕೂಗು.

ವಿಷಯಕ್ಕಾಗಿ ದೂರ ಹುಡುಕಲಿಲ್ಲ. ಅಡಿಕೆ ಹಾಳೆಯ (ಮರದಿಂದ ಉದುರುವ ಗರಿಯ ಬುಡದ ಅಗಲ ಭಾಗ) ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಆಟವನ್ನು ಮಲೆನಾಡಿನ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ತೋಟದಲ್ಲಿ ಹಾಳೆ ಬಿದ್ದ ಸದ್ದು ಕೇಳಿದರೆ ಸಾಕು, ಓಡುತ್ತಾರೆ. 'ಹಾಳೆ' ಎಂದ ಕೂಡಲೇ 'ಬಾಳೆ', 'ನಾಳೆ' ಪಕ್ಕದಲ್ಲೇ ಇದ್ದವು. ಪುಸ್ತಕ ಹೀಗೆ ಶುರುವಾಯಿತು:

ಅಡಿಕೆ ಮರದ ಉದ್ದ ಹಾಳೆ
ಹತ್ತು ಪುಟ್ಟಿ, ಬೇಡ ನಾಳೆ!
ದಡಕು ಬಡಕು ಮಣ್ಣ ದಾರಿ
ಹಾಳೆ ಗಾಡಿ ಜಾರಿ ಜಾರಿ

ಇದನ್ನು ಚಪ್ಪಾಳೆ ತಟ್ಟಿಕೊಂಡು ಓದಿ ನೋಡಿ. ಪ್ರತಿ ಮಾತಿಗೂ ಮೂರು ಮಾತ್ರೆ. ಮಾತ್ರೆ ಅಂದರೆ ಒಂದು ಗಿಡ್ಡ ಅಕ್ಷರ, ಅಂದರೆ ಲಘು, ಹೇಳುವಷ್ಟು ಹೊತ್ತು. ಗುರುವಿಗೆ ಅದರ ಎರಡರಷ್ಟು. 'ಅಡಿಕೆ' ಮೂರು ಲಘು. 'ಉದ್ದ' ಒಂದು ಗುರು, ಒಂದು ಲಘು. ಎರಡೂ ಒಂದೇ ಹೊತ್ತು ತೆಗೆದುಕೊಳ್ಳುತ್ತವೆ. ಎರಡನೇ ಸಾಲಿನಲ್ಲಿ 'ಅಂಗಳ ದಾಟಿ' ಅಂತ ಹಾಕಬೇಕು ಎಂದು ನನಗೆ ಬಹಳ ಆಸೆ ಇತ್ತು. ಆದರೆ 'ಅಂಗಳ' ನಾಲ್ಕು ಮಾತ್ರೆ. ಅಲ್ಲಿ ಚಪ್ಪಾಳೆ ತಪ್ಪುತ್ತದೆ. ಹಾಗಾಗಿ ಅದು ಚಿತ್ರದಲ್ಲಿ ಬಂತು, ಸಾಲಿನಲ್ಲಿ ಬರಲಿಲ್ಲ. ನನ್ನ ಪ್ರಕಾರ ಚಿಕ್ಕ ಮಕ್ಕಳಿಗೆ ಪ್ರಾಸಕ್ಕಿಂತ ಈ ನಡೆ ಮುಖ್ಯ. ಪ್ರಾಸ ಒಂದು ಕಡೆ ಸಡಿಲವಾದರೂ ಅವರು ಗಮನಿಸುವುದಿಲ್ಲ. ನಡೆ ತಪ್ಪಿದರೆ ಮಾತ್ರ ತಕ್ಷಣ ಮುಖ ಆಚೆ ತಿರುಗಿಸುತ್ತಾರೆ.

ಮೂರರ ನಡೆ ಓಟಕ್ಕೆ ಚೆನ್ನ. ಮೆಲ್ಲಗೆ ಬರುವ ಉಂಬಳಕ್ಕೆ (ಜಿಗಣೆಗೆ) ನಾಲ್ಕರ ನಡೆ ಬೇಕಾಯಿತು. ಮಳೆಗಾಲದಲ್ಲಿ ಉಂಬಳ ಇಲ್ಲದ ತೋಟ ಉಂಟೇ? ಅದಕ್ಕೆ ಬೇರೆಯೇ ಒಂದು ಸಣ್ಣ ಪುಸ್ತಕ ಮಾಡಿದೆ:

ಉಂಬಳ ಉಂಬಳ ಎಲ್ಲಿದೆ ಊಟ?
ಕಂಬಳಿಕೊಪ್ಪೆಯ ಅಜ್ಜನ ತೋಟ!

ಕಂಬಳಿಕೊಪ್ಪೆ ಅಂದರೆ ಮಳೆಗೆ ತಲೆಯ ಮೇಲಿಂದ ಹೊದೆಯುವ ಕಂಬಳಿ. ಇಲ್ಲಿ ಸಾಲಿನ ಕೊನೆಯಲ್ಲೂ ಪ್ರಾಸ ಇದೆ, ಶುರುವಿನಲ್ಲೂ ಇದೆ. ಎರಡನೇ ಅಕ್ಷರದ ಈ ಪ್ರಾಸವನ್ನು ಪಂಪ, ರನ್ನರಂಥ ಕವಿಗಳು ತಮ್ಮ ಪದ್ಯಗಳಲ್ಲಿ ಬಿಡದೆ ಪಾಲಿಸಿದರು. ಪುಟಾಣಿಗಳ ಪುಸ್ತಕದಲ್ಲಿ ಇದನ್ನು ಯಾಕೆ ಅಷ್ಟಾಗಿ ಬಳಸುವುದಿಲ್ಲವೋ! 'ಉಂಬಳ' ಆದ ಮೇಲೆ 'ಕಂ' ಅನ್ನುವಷ್ಟರಲ್ಲೇ ನಮ್ಮ ಮಕ್ಕಳು ಸಾಲನ್ನು ಹಿಡಿದುಕೊಳ್ಳುತ್ತಾರೆ.

ಸಾಲುಗಳನ್ನು ಬರೆದ ಮೇಲೆ ನಾನೇ ಗಟ್ಟಿಯಾಗಿ ಓದಿ ಸರಿ ಇದೆ ಎಂದುಕೊಳ್ಳಲಿಲ್ಲ. ಬರೆದವರು ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಎಲ್ಲಿ ನುಂಗಬೇಕೋ ಅಲ್ಲಿ ನುಂಗಿ ಓದಿಬಿಡುತ್ತಾರೆ. ಹಾಗಾಗಿ ಮಗುವನ್ನು ಕರೆದೊಯ್ಯಲು ಬಂದ ಅಮ್ಮಂದಿರ ಕೈಗೆ, ಅಜ್ಜಿಯರ ಕೈಗೆ ಬರೀ ಸಾಲುಗಳಿದ್ದ ಕಾಗದ ಕೊಟ್ಟು, "ಒಂದ್ಸಲ ಓದಿ ಅಮ್ಮಾ" ಅನ್ನುತ್ತಿದ್ದೆ. ಮೊದಲ ಓದಿನಲ್ಲೇ ಅವರ ನಾಲಿಗೆ ತಡವರಿಸಿದ ಕಡೆ ಗುರುತು ಹಾಕಿಕೊಂಡು ಆ ಮಾತನ್ನು ಬದಲಾಯಿಸುತ್ತಿದ್ದೆ. ದಿನವಿಡೀ ದುಡಿದು ಬಂದ ಅಮ್ಮ ರಾತ್ರಿ ಮಲಗುವ ಹೊತ್ತಿಗೆ ಸಲೀಸಾಗಿ ಓದುವಂತಿರಬೇಕು, ಅಲ್ವಾ?

ಇನ್ನು ಪುಟ ತಿರುಗಿಸುವುದು. ಚಿತ್ರಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಇದೇ. ಪ್ರಶ್ನೆ ಬಲಗಡೆ ಪುಟದ ಕೆಳಗೆ ಇರಬೇಕು: 'ಮುಂದೆ ಯಾರು? ಮುಂದೆ ಯಾರು?' ಉತ್ತರ ಪುಟ ತಿರುಗಿಸಿದ ಮೇಲೇ ಸಿಗಬೇಕು: 'ಕಾಲು ನೂರು! ಕಾಲು ನೂರು!' ಅಲ್ಲಿ ಉದ್ದಕ್ಕೂ ಮಲಗಿದ ಚೋರಟೆ, ಅಂದರೆ ಸಹಸ್ರಪದಿ ಹುಳ. ಪ್ರಶ್ನೆಯ ಪುಟದಲ್ಲಿ ಚೋರಟೆಯನ್ನು ತೋರಿಸಿಬಿಟ್ಟರೆ ಆಟ ಮುಗಿಯಿತು. ಅಂಚಿನಲ್ಲಿ ಎರಡು ಮೀಸೆ ಮಾತ್ರ ಕಾಣುತ್ತವೆ. ಗಾಡಿ ಎಲ್ಲ ಪುಟಗಳಲ್ಲೂ ಎಡದಿಂದ ಬಲಕ್ಕೇ ಹೋಗುತ್ತದೆ. ಮಗುವಿನ ಬೆರಳೂ ಅದರ ಜೊತೆಗೇ ಪುಟದ ತುದಿಗೆ ಬರುತ್ತದೆ.

ಪುಸ್ತಕಕ್ಕೆ 16 ಪುಟ. ನಡುವೆ ಹೊಲಿಯುವ ಪುಸ್ತಕದಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ಮೊದಲ ಮತ್ತು ಕೊನೆಯ ಪುಟ ಬಿಟ್ಟರೆ ಎದುರುಬದುರು ತೆರೆಯುವ 7 ಜೋಡಿ ಪುಟ ಸಿಗುತ್ತವೆ. ಅದರಲ್ಲಿ 8 ಮತ್ತು 9ನೇ ಪುಟ ಮಾತ್ರ ಒಂದೇ ಕಾಗದದ ಮೇಲೆ ಪಕ್ಕಪಕ್ಕದಲ್ಲಿ ಅಚ್ಚಾಗುತ್ತವೆ. ಅಲ್ಲಿ ಚಿತ್ರ ಮಡಿಕೆಯಲ್ಲಿ ಹೆಚ್ಚುಕಡಿಮೆ ಆಗುವುದಿಲ್ಲ. ಗುಡ್ಡದ ಇಳಿಜಾರಿನಲ್ಲಿ ಗಾಡಿ ಜಾರುವ ದೊಡ್ಡ ಚಿತ್ರವನ್ನು ಅದಕ್ಕೇ ಅಲ್ಲಿಟ್ಟೆ.

ಚಿತ್ರಗಳಿಗೆ ಹಸೆ ಚಿತ್ತಾರ ಬರಬೇಕು ಎಂದು ನನಗೆ ಮೊದಲಿನಿಂದ ಇತ್ತು. ನಮ್ಮ ಕಡೆ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಮದುವೆಗೆ ಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೆ ಬರೆಯುವ ಚಿತ್ತಾರ ಅದು. ಕೆಮ್ಮಣ್ಣಿನ ನೆಲೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಪುಂಡಿ ನಾರೇ ಕುಂಚ. ಊರಿನ ಒಬ್ಬ ಅಕ್ಕ ಒಪ್ಪಿಕೊಂಡರು. ಗಾಡಿ ಕುಲುಕುವ ಪುಟಕ್ಕೆ ಎಳೆಗಳನ್ನು ಸ್ವಲ್ಪ ಸೊಟ್ಟ ಮಾಡೋಣವೇ ಎಂದು ಕೇಳಿದೆ. "ಎಳೆ ಸೊಟ್ಟ ಆದ್ರೆ ಅದು ಚಿತ್ತಾರ ಆಗಲ್ಲ ಟೀಚರೇ" ಅಂದರು. ಅವರ ಮಾತು ಸರಿ. ಆ ಕಲೆಯ ಅಂದ ಇರುವುದೇ ನೇರ ಎಳೆಯಲ್ಲಿ. ಹಾಗಾಗಿ ಪುಟದ ಸುತ್ತಲಿನ ಅಂಚು, ಮನೆ, ಮರ ಎಲ್ಲ ಚಿತ್ತಾರದಲ್ಲಿ ಬಂತು. ಬೀಳುವ, ಏಳುವ, ನಗುವ ಮಕ್ಕಳನ್ನು ಮಾತ್ರ ನನ್ನ ತಂಗಿ ಜಲವರ್ಣದಲ್ಲಿ ಬರೆದಳು. ಅಲುಗದ ಅಂಚಿನ ಒಳಗೆ ಮಕ್ಕಳ ಓಟ ಇನ್ನೂ ಜೋರಾಗಿ ಕಂಡಿತು. ಮುಖಪುಟದಲ್ಲಿ ಮೂವರ ಹೆಸರೂ ಒಂದೇ ಅಳತೆಯಲ್ಲಿವೆ. ಚಿತ್ತಾರದವರ ಹೆಸರನ್ನು ಒಳಪುಟದ 'ಕೃತಜ್ಞತೆ'ಯಲ್ಲಿ ಸೇರಿಸಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ.

ಚಿತ್ರದಲ್ಲಿ ಒಂದು ಬೆಕ್ಕು ಎಲ್ಲ ಪುಟಗಳಲ್ಲೂ ಗಾಡಿಯ ಹಿಂದೆ ಬರುತ್ತದೆ. ಸಾಲುಗಳಲ್ಲಿ ಅದರ ಸುದ್ದಿಯೇ ಇಲ್ಲ. ಓದುವವರು ಗಮನಿಸುವ ಮೊದಲು ಮಗು ಅದನ್ನು ಹುಡುಕಿರುತ್ತದೆ.

ಶಿವಮೊಗ್ಗದಲ್ಲಿ ಅಚ್ಚು ಹಾಕಿಸುವಾಗ ಹೊಳಪಿನ ಆರ್ಟ್ ಪೇಪರ್ ಬೇಡ ಎಂದೆ. ನಮ್ಮ ಮಳೆಗಾಲದ ತೇವಕ್ಕೆ ಅದರ ಪುಟಗಳು ಒಂದಕ್ಕೊಂದು ಅಂಟುತ್ತವೆ. ಪಿನ್ನು ತುಕ್ಕು ಹಿಡಿಯುತ್ತದೆ. ಹೊಳಪಿಲ್ಲದ ದಪ್ಪ ಮ್ಯಾಪ್ಲಿಥೋ ಕಾಗದ ಹಾಕಿ, ನಡುವೆ ದಾರದಲ್ಲಿ ಹೊಲಿಸಿದೆ. ಖರ್ಚು ಜಾಸ್ತಿ ಆಯಿತು, ಆದರೆ ಪುಸ್ತಕ ಉಳಿಯುತ್ತದೆ. ಸ್ಕ್ಯಾನ್ ಮಾಡಿದಾಗ ಕೆಮ್ಮಣ್ಣು ಕಿತ್ತಳೆಯ ಕಡೆಗೆ ಹೋಗಿತ್ತು. ಮೂಲ ಚಿತ್ರವನ್ನು ಪ್ರೆಸ್ಸಿಗೇ ಒಯ್ದು, ಬಾಗಿಲ ಬೆಳಕಿನಲ್ಲಿ ಪಕ್ಕಕ್ಕಿಟ್ಟು ಬಣ್ಣ ಹೊಂದಿಸಿದೆವು. ಸಾಲುಗಳ ನಡುವೆ ಧಾರಾಳ ಜಾಗ ಬಿಡಿಸಿದೆ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆಗ ತಾನೇ ಓದಲು ಕಲಿತ ಮಗುವಿಗೆ ಗೊಂದಲ.

ಕೊನೆಯ ಪುಟದಲ್ಲಿ ಮತ್ತೆ 'ಮುಂದೆ ಯಾರು?' ಎಂದು ಕೇಳಿ, ಒಂದು ಖಾಲಿ ಚೌಕ ಬಿಟ್ಟಿದ್ದೇನೆ. ಮಕ್ಕಳು ಅದರಲ್ಲಿ ತಮಗೆ ತೋಚಿದ್ದನ್ನು ಬರೆಯುತ್ತಾರೆ, ಬರೆಯಲು ಬಾರದವರು ಕೂಗಿ ಹೇಳುತ್ತಾರೆ. 'ಬಂತು ತೇರು' ಬಂದಿದೆ, 'ಮರದ ಬೇರು' ಬಂದಿದೆ. ಬಿಸಿಯೂಟದ ಹೊತ್ತಿಗೆ ಸ್ವಲ್ಪ ಮುಂಚೆ ಓದಿದ ದಿನ ಅಂಗನವಾಡಿಯಿಂದ ಬಂದು ಕೂತಿದ್ದ ಪುಟಾಣಿಯೊಂದು 'ಅನ್ನ ಸಾರು! ಅನ್ನ ಸಾರು!' ಎಂದಿತು. ಸರಿಯಾಗಿ ಮೂರರ ನಡೆ. ಮರುಮುದ್ರಣದಲ್ಲಿ ಗಾಡಿ ಅಡುಗೆಮನೆ ಬಾಗಿಲಿಗೇ ಬಂದು ನಿಲ್ಲುವ ಹಾಗೆ ಕೊನೆಯ ಚಿತ್ರವನ್ನು ತಂಗಿ ಈಗ ಹೊಸದಾಗಿ ಬರೆಯುತ್ತಿದ್ದಾಳೆ.