ರೈನ್ ಕಣಿವೆಯ ಸುಂಕದಕಟ್ಟೆಗಳು

ಜರ್ಮನಿಯ ಮೈನ್ಸ್‌ನಲ್ಲಿ ಕೊಬ್ಲೆನ್ಸ್ ಕಡೆಯ ರೈಲು ಹತ್ತಿ ಬಲಗಡೆಯ ಕಿಟಕಿ ಹಿಡಿದೆ. ಬಿಂಗೆನ್ ದಾಟಿದ ಮೇಲೆ ನದಿ ಪಕ್ಕದಲ್ಲೇ ಬರುತ್ತದೆ. ಇದು ನನ್ನ ಎರಡನೆಯ ಸಲ. ಮೊದಲ ಸಲ ಹಡಗಿನಲ್ಲಿ ಕೂತು ಎಲ್ಲ ಕೋಟೆಗಳನ್ನೂ ನೋಡಿಬಿಡಬೇಕೆಂದು ಹೊರಟಿದ್ದೆ. ಬಿಂಗೆನ್‌ನಿಂದ ಕೊಬ್ಲೆನ್ಸ್‌ವರೆಗಿನ ಸುಮಾರು 65 ಕಿಲೋಮೀಟರಿನಲ್ಲಿ ನಲವತ್ತರಷ್ಟಿವೆ. ಒಂದೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ಈ ಸಲ ಮೂರನ್ನೇ ಆರಿಸಿಕೊಂಡು ಎರಡು ದಿನ ಇಟ್ಟುಕೊಂಡೆ.

ಸಾಂಕ್ಟ್ ಗೋಆರ್‌ನಲ್ಲಿ ಇಳಿದು ರೈನ್‌ಫೆಲ್ಸ್ ಕೋಟೆಗೆ ಹತ್ತಿದೆ. 1245ರಲ್ಲಿ ಕಾಟ್ಸೆನೆಲ್ನ್‌ಬೋಗೆನ್ ಮನೆತನದ ದೊರೆ ಇದನ್ನು ಕಟ್ಟಿಸಿದ್ದು ನದಿಯಲ್ಲಿ ಸಾಗುವ ದೋಣಿಗಳ ಸುಂಕಕ್ಕಾಗಿ. ಸುಂಕ ಏರಿಸಿದಾಗ ನದಿಯಂಚಿನ ಪಟ್ಟಣಗಳೆಲ್ಲ ಒಂದಾಗಿ 1255ರಲ್ಲಿ ಮುತ್ತಿಗೆ ಹಾಕಿದವು. ವರ್ಷಕ್ಕೂ ಮೇಲೆ ಕಾದರೂ ಕೋಟೆ ಬಗ್ಗಲಿಲ್ಲ. 1692ರಲ್ಲಿ ಫ್ರೆಂಚ್ ಸೇನೆಗೂ ಬಗ್ಗಲಿಲ್ಲ. ಕೊನೆಗೆ ಕಾದಾಟವಿಲ್ಲದೆ ಕೈಸೇರಿದ ಕೋಟೆಯನ್ನು ಫ್ರೆಂಚರು 1797ರಲ್ಲಿ ಮದ್ದಿಟ್ಟು ಉಡಾಯಿಸಿದರು. ಬಿರಿದ ಗೋಡೆಯ ದಪ್ಪವನ್ನು ಅಲ್ಲಿ ಕೈಯಿಂದಲೇ ಅಳೆಯಬಹುದು. ಕೆಳಗಿನ ಸುರಂಗಗಳಿಗೆಂದು ಟಾರ್ಚ್ ಒಯ್ದಿದ್ದೆ, ಒಳ್ಳೆಯದಾಯಿತು. ಸ್ಟೋಲ್ಟ್ಸೆನ್‌ಫೆಲ್ಸ್‌ನಂತೆ 19ನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಿಸಿದವು ಚಂದವೇ. ಆದರೆ ನನಗೆ ಬೇಕಾದದ್ದು ಈ ಹಾಳುಗೋಡೆ.

ಮೈನ್ಸ್ ಬಿಟ್ಟರೆ ಕೊಬ್ಲೆನ್ಸ್‌ವರೆಗೆ ಸೇತುವೆಯಿಲ್ಲ. ನದಿ ದಾಟಲು ಫೆರಿಯೇ ಗತಿ. ಎರಡೂ ದಡದಲ್ಲಿ ರೈಲಿರುವುದರಿಂದ ತೊಂದರೆಯಾಗಲಿಲ್ಲ. ಫೆರಿಯಲ್ಲಿ ಆಚೆ ದಡಕ್ಕೆ ಹೋಗಿ, ಅಲ್ಲಿಂದ ಬ್ರೌಬಾಖ್‌ಗೆ ರೈಲು. ಬೆಟ್ಟದ ಮೇಲಿನ ಮಾರ್ಕ್ಸ್‌ಬುರ್ಗ್ ಈ ಕಣಿವೆಯಲ್ಲಿ ಯಾರೂ ಕೆಡವದೆ ಉಳಿದ ಬೆಟ್ಟದ ಕೋಟೆ. ಬಾಗಿಲ ಒಳಗೆ ಬಂಡೆಯಲ್ಲೇ ಕಡಿದ, ಕುದುರೆ ಹತ್ತುವ ಮೆಟ್ಟಿಲುಗಳಿವೆ. ಅಂಕುಡೊಂಕು, ಹಳೆಯ ಬೂಟಾಗಿದ್ದರೆ ಜಾರುತ್ತಿದ್ದೆ.

ಮರುದಿನ ಕೌಬ್. ಮೊದಲ ಸಲ ಬಂದಾಗ ನದಿ ತುಂಬಿ ಇಲ್ಲಿನ ಕೋಟೆಗೆ ದೋಣಿ ಬಿಟ್ಟಿರಲಿಲ್ಲ. ಈ ಸಲ ಹೊರಡುವ ಮುನ್ನ ನೀರಿನ ಮಟ್ಟ ನೋಡಿಕೊಂಡೆ. ನಡುನೀರಿನ ಬಂಡೆಯ ಮೇಲಿನ ಫಾಲ್ಟ್ಸ್‌ಗ್ರಾಫೆನ್‌ಷ್ಟೈನ್ ದೂರಕ್ಕೆ ಲಂಗರು ಹಾಕಿದ ಹಡಗಿನಂತಿದೆ. ನೀರು ಬರುವ ದಿಕ್ಕಿಗೆ ಅದರ ಮೂತಿ ಚೂಪು, ತೇಲಿಬರುವ ಮಂಜುಗಡ್ಡೆ ಒಡೆಯಲೆಂದು. ಬವೇರಿಯದ ಲೂಡ್ವಿಗ್ 1327ರ ಹೊತ್ತಿಗೆ ಕಟ್ಟಿಸಲು ತೊಡಗಿದ್ದು. ನದಿಗೆ ಅಡ್ಡಲಾಗಿ ಸರಪಳಿ ಬಿಗಿದು, ಸುಂಕ ಕೊಡದ ದೋಣಿಯನ್ನು ಮುಂದೆ ಬಿಡುತ್ತಿರಲಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ನಮ್ಮಜ್ಜಿ ಹೇಳುತ್ತಿದ್ದರು. ಕೋಟೆಯ ಕಿಂಡಿಯಲ್ಲಿ ನಿಂತಾಗ ಅದು ನೆನಪಾಯಿತು: ದವಸ, ದ್ರಾಕ್ಷಾರಸದ ಪೀಪಾಯಿ ಹೊತ್ತ ಅಂಬಿಗ ಒಂದು ಕಟ್ಟೆ ದಾಟಿದರೆ ಮುಂದಿನ ತಿರುವಿನಲ್ಲಿ ಇನ್ನೊಂದು. ಇಲ್ಲಿನ ವಸೂಲಿ 1860ರ ದಶಕದವರೆಗೂ ನಡೆಯಿತು. ನಾನು ನೋಡುತ್ತಿದ್ದಂತೆ ಕಂಟೇನರ್ ತುಂಬಿದ ಉದ್ದನೆಯ ಬಾರ್ಜ್ ಒಂದು ಪಕ್ಕದಲ್ಲೇ, ವೇಗ ಕೂಡ ತಗ್ಗಿಸದೆ ಸಾಗಿಹೋಯಿತು.