ಬಣ್ಣದ ಡಬ್ಬಿ ಕೊನೆಗೆ: ಹಳೇ ಮಿಲಿಟರಿ ಟ್ರೈಲರನ್ನು ಕ್ಯಾಂಪಿಂಗ್‌ಗೆ ಎಬ್ಬಿಸುವ ಬಗೆ

ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದಾಗ ನಾನು ಶುರುಮಾಡಿದ್ದೇ ಬಣ್ಣದಿಂದ. ಮೂರು ಭಾನುವಾರ ಉಜ್ಜಿ, ತಿಕ್ಕಿ, ಮಬ್ಬು ಹಸಿರು ಬಳಿದು, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ ಹಿಗ್ಗಿದೆ. ಆಮೇಲೆ ಚಕ್ರ ಬಿಚ್ಚಿದೆ. ಜಾಮ್ ಆಗಿದ್ದ ಹಬ್‌ಗೆ, ಅಂದರೆ ಚಕ್ರದ ಗುಂಬಕ್ಕೆ, ಹೊಡೆದ ಪೆಟ್ಟಿಗೆ ಒಂದಿಷ್ಟು ಬಣ್ಣ ಎದ್ದು ಹೋಯಿತು. ಚಾಸಿಯ ಬಿರುಕಿಗೆ ವೆಲ್ಡಿಂಗ್ ಮಾಡಿಸುವಾಗ ಇನ್ನಷ್ಟು ಸುಟ್ಟಿತು. ವೈರ್ ಎಳೆಯಲು ತೂತು ಕೊರೆದ ಕಡೆಯೆಲ್ಲ ಮತ್ತಷ್ಟು. ಭಾವ ಬಂದು ನೋಡಿ, "ಮದುವೆಗೆ ಮೊದಲೇ ಮೇಕಪ್ ಮಾಡಿ ಹೆಣ್ಣನ್ನ ಹೊಲಕ್ಕೆ ಕಳಿಸಿದ ಹಾಗಾಯ್ತಲ್ಲೋ" ಅಂದರು. ಅವರು ವರ್ಷಗಟ್ಟಲೆ ಲೇತ್ ಮೇಲೆ ಕೆಲಸ ಮಾಡಿದವರು, ಬೈಗುಳವನ್ನೂ ಅಳತೆ ನೋಡಿಯೇ ಕೊಡುತ್ತಾರೆ. ಹಾಗಾಗಿ ನಾನು ಮಾಡಿದ ಕ್ರಮ ಬಿಟ್ಟು, ಮಾಡಬೇಕಿದ್ದ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

ನನ್ನದು ಎಂ100. ಕಾಲು ಟನ್ನಿನ ಎರಡು ಚಕ್ರದ ಗಾಡಿ, 1950ರ ದಶಕದಲ್ಲಿ ಅಮೆರಿಕದ ಸೈನ್ಯದ ಎಂ38 ಜೀಪಿನ ಹಿಂದೆ ಓಡಲೆಂದು ಮಾಡಿದ್ದು. ಇದರ ಅಣ್ಣ ಎರಡನೇ ಮಹಾಯುದ್ಧದ ಬ್ಯಾಂಟಮ್ ಟಿ3, ತಮ್ಮ 1960ರ ದಶಕದ ಎಂ416. ಮೂರೂ ಒಂದೇ ಮನೆತನದವು: ಉಕ್ಕಿನ ತೊಟ್ಟಿ, ಎರಡು ಕಡೆ ಕಮಾನು ಪಟ್ಟಿ, ಮುಂದೆ ಕೊಕ್ಕೆಗೆ ಸಿಕ್ಕಿಸುವ ದಪ್ಪ ಉಂಗುರ. ತೊಟ್ಟಿಯ ತಳದಲ್ಲಿ ನೀರು ಬಿಡುವ ಪ್ಲಗ್ ಇರುತ್ತದೆ. ಅದನ್ನು ಬಿಗಿದರೆ ಖಾಲಿ ಗಾಡಿ ನೀರಿನ ಮೇಲೆ ತೇಲುತ್ತದೆ, ಹೊಳೆ ದಾಟಿಸಲೆಂದು ಮಾಡಿದ ಏರ್ಪಾಡು. ಬಿಗಿದದ್ದನ್ನು ಮರೆತು ಮಳೆಯಲ್ಲಿ ನಿಲ್ಲಿಸಿದರೆ ಅದೇ ತೊಟ್ಟಿ ಒಳಗಿನಿಂದ ಕೊಳೆಯುತ್ತದೆ. ಈ ಜಾತಿಯ ಟ್ರೈಲರ್ ಹಾಳಾಗುವುದು ಹೆಚ್ಚಾಗಿ ಹೀಗೆಯೇ.

ಕೊಳ್ಳುವ ಮುಂಚೆ

ಒಂದು ಚಿಕ್ಕ ಸುತ್ತಿಗೆ, ಒಂದು ಟಾರ್ಚ್, ಒಂದು ಹಳೇ ಗೋಣಿಚೀಲ ಸಾಕು. ಗೋಣಿಚೀಲ ಹಾಸಿ ಗಾಡಿಯ ಅಡಿಗೆ ನುಗ್ಗಿ. ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಮಡಕೆ ಒಡೆದ ಹಾಗೆ ದಬ್ ಅನ್ನುತ್ತದೆ. ಕಮಾನು ಪಟ್ಟಿಯನ್ನು ಚಾಸಿಗೆ ಕೂರಿಸಿದ ಜಾಗ, ಮುಂದಿನ ಎಳೆದಂಡ ಚಾಸಿಗೆ ಸೇರುವ ಮೂಲೆ, ತೊಟ್ಟಿಯ ತಳ ಅಡ್ಡಪಟ್ಟಿಯ ಮೇಲೆ ಕೂತ ಗೆರೆ, ಈ ಮೂರು ಕಡೆ ಹೊತ್ತು ಕಳೆಯಿರಿ. ತಳದ ತಗಡಿಗೆ ತೂತು ಬಿದ್ದಿದ್ದರೆ ಹೆದರಬೇಡಿ, ತೇಪೆ ಹಾಕಬಹುದು. ಚಾಸಿಯಲ್ಲೇ ಪದರ ಪದರ ಎದ್ದು ಬರುತ್ತಿದ್ದರೆ ನಮಸ್ಕಾರ ಹೇಳಿ ವಾಪಸ್ ಬನ್ನಿ.

ಮೈಮೇಲಿನ ಲೋಹದ ಫಲಕ ಉಳಿದಿದೆಯಾ ನೋಡಿ. ತೂಕ, ಹೊರೆ, ಮಾದರಿ ಎಲ್ಲ ಅದರಲ್ಲೇ ಇರುತ್ತದೆ. ನೋಂದಣಿಗೆ ನಿಮ್ಮ ಕಡೆ ಯಾವ ಕಾಗದ ಕೇಳುತ್ತಾರೆ ಅನ್ನುವುದನ್ನು ದುಡ್ಡು ಕೊಡುವ ಮುಂಚೆಯೇ ತಿಳಿದುಕೊಳ್ಳಿ, ಆಮೇಲಲ್ಲ.

ಚಕ್ರ: ನಾನು ಮುರಿದ ಸ್ಟಡ್

ಎಡಚಕ್ರದ ಮೊದಲ ನಟ್ ಬಿಚ್ಚಲೇ ಇಲ್ಲ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದೆ. ಬೆಳಿಗ್ಗೆ ಸ್ಪ್ಯಾನರಿಗೆ ಮೂರಡಿ ಪೈಪ್ ತೊಡಿಸಿ ಮೈಭಾರವೆಲ್ಲ ಹಾಕಿದೆ. ಫಟ್ ಅಂತ ನಟ್ ಕೂರುವ ಸುತ್ತಿನ ಕಡ್ಡಿ, ಸ್ಟಡ್ಡೇ, ಮುರಿದು ಕೈಗೆ ಬಂತು. ಭಾವ ತುಂಡನ್ನು ಕೈಲಿ ಹಿಡಿದು, ಹೆಬ್ಬೆರಳಿನಿಂದ ಗ್ರೀಸ್ ಒರೆಸಿ, ತುದಿಯನ್ನು ನನ್ನ ಕಣ್ಣಿನ ಮುಂದೆ ಹಿಡಿದರು. ಅಲ್ಲಿ ಸಣ್ಣದಾಗಿ ಇಂಗ್ಲಿಷಿನ 'ಎಲ್' ಅಕ್ಷರ ಕೊರೆದಿತ್ತು.

"ಇದು ಎಡಸುತ್ತು ಮಾರಾಯ. ನೀನು ಬಿಚ್ತಾ ಇರಲಿಲ್ಲ, ಬಿಗೀತಾ ಇದ್ದೆ."

"ಭಾವ, ಮೊದಲೇ ಹೇಳಬಾರದಿತ್ತಾ?"

"ನೀನು ಕೇಳಿದ್ದರೆ ಹೇಳ್ತಿದ್ದೆ."

ಆ ಕಾಲದ ಎಷ್ಟೋ ಮಿಲಿಟರಿ ಗಾಡಿಗಳಲ್ಲಿ ಎಡಬದಿಯ ಚಕ್ರದ ನಟ್‌ಗಳು ಎಡಸುತ್ತಿನವು. ಚಕ್ರ ಮುಂದಕ್ಕೆ ಉರುಳುವಾಗ ನಟ್ ತಾನಾಗಿ ಸಡಿಲವಾಗಬಾರದು ಅನ್ನುವುದು ಅದರ ಹಿಂದಿನ ಲೆಕ್ಕ. ಅವು ಬಿಚ್ಚುವುದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ. ಪೈಪ್ ತೊಡಿಸುವ ಮುಂಚೆ ಸ್ಟಡ್ಡಿನ ತುದಿಯನ್ನು ವೈರ್ ಬ್ರಷ್‌ನಿಂದ ಉಜ್ಜಿ ನೋಡಿ.

ರಿಮ್ ಎರಡು ಹೋಳಿನದಾ ಅಂತಲೂ ಗಮನಿಸಿ. ಯುದ್ಧಕಾಲದ ಕೆಲವು ರಿಮ್‌ಗಳಲ್ಲಿ ಎರಡು ಭಾಗಗಳನ್ನು ಸುತ್ತಲೂ ಬೋಲ್ಟ್ ಹಾಕಿ ಕೂಡಿಸಿರುತ್ತಾರೆ. ಚಕ್ರ ಬಿಚ್ಚುತ್ತೇನೆ ಅಂದುಕೊಂಡು, ಗಾಳಿ ತುಂಬಿದ ಟೈರಿನಲ್ಲಿ ಆ ಬೋಲ್ಟ್ ಬಿಚ್ಚಿದರೆ ರಿಮ್ ಸಿಡಿದು ಆಳನ್ನೇ ಕೊಲ್ಲಬಹುದು. ಅನುಮಾನ ಬಂದರೆ ಮೊದಲು ವಾಲ್ವ್ ಒಳಗಿನ ಪಿನ್ ತೆಗೆದು ಗಾಳಿಯನ್ನು ಪೂರ್ತಿ ಬಿಡಿ.

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ: 2309 ಅಂದರೆ 2009ರ 23ನೇ ವಾರದಲ್ಲಿ ತಯಾರಾದದ್ದು. ಹಳೇ ಟ್ರೈಲರಿನ ಟೈರ್ ಸವೆದಿರುವುದಿಲ್ಲ, ನಿಂತೂ ನಿಂತೂ ಒಣಗಿರುತ್ತದೆ. ಹಲ್ಲು ಚೆನ್ನಾಗಿದೆ ಅಂತ ಮೋಸಹೋಗಬೇಡಿ. ಕೊಂಚ ಬಗ್ಗಿಸಿ ನೋಡಿ, ಗೋಡೆಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಎರಡನ್ನೂ ಬದಲಾಯಿಸಿ. ಎಂ100ರ ಟೈರ್ 7.00-16. ಎಳೆಯುವ ಗಾಡಿಯ ಚಕ್ರ ಇದಕ್ಕೂ ಹೊಂದುವ ಹಾಗಿದ್ದರೆ ಒಂದೇ ಸ್ಟೆಪ್ನಿ ಸಾಕಾಗುತ್ತದೆ. ಸ್ಟಡ್‌ಗಳ ಅಂತರ ಅಳೆದು ನೋಡಿ.

ಬೇರಿಂಗ್

ಇಡೀ ಕೆಲಸದಲ್ಲಿ ನನಗೆ ಪ್ರೀತಿಯ ಭಾಗ ಇದು. ಹಬ್ಬಿನ ಟೋಪಿ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ನಟ್ ಬಿಚ್ಚಿದರೆ ಹೊರಗಿನ ಬೇರಿಂಗ್ ಕೈಗೇ ಬೀಳುತ್ತದೆ. ಒಳಗಿನದು ಆಯಿಲ್ ಸೀಲಿನ ಹಿಂದೆ ಇರುತ್ತದೆ. ನನ್ನದರಲ್ಲಿದ್ದ ಗ್ರೀಸ್ ಹಳೇ ಬೆಲ್ಲದ ಹಾಗೆ ಕಂದಾಗಿ ಗಟ್ಟಿಯಾಗಿತ್ತು. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ನೆನೆಸಿ, ತೊಳೆದು, ಬಟ್ಟೆಯ ಮೇಲೆ ಒಣಗಿಸಿ. ಕಂಪ್ರೆಸರ್ ಗಾಳಿ ಬಿಟ್ಟು ಬೇರಿಂಗನ್ನು ಗಿರ್ರನೆ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ. ಒಣ ಬೇರಿಂಗ್ ಕೆಡುತ್ತದೆ, ರೋಲರ್ ಸಿಡಿದರೆ ಕಣ್ಣು ಹೋಗುತ್ತದೆ.

ರೋಲರಿನ ಮೇಲೆ ನೀಲಿ ಬಣ್ಣದ ಛಾಯೆ ಇದ್ದರೆ ಕಾದು ಕೆಟ್ಟಿದೆ ಅಂತ. ರೋಲರ್ ಉರುಳುವ ಬಟ್ಟಲಿನಲ್ಲಿ ಉಗುರು ಆಡಿಸಿದಾಗ ಸಣ್ಣ ಗುಳಿ ತಗುಲಿದರೂ ಜೋಡಿಯಾಗಿಯೇ ಬದಲಾಯಿಸಿ. ನಂಬರ್ ಬೇರಿಂಗಿನ ಮೇಲೆಯೇ ಅಚ್ಚಾಗಿರುತ್ತದೆ, ಅಂಗಡಿಗೆ ಟ್ರೈಲರಿನ ಹೆಸರು ಹೇಳಿಕೊಂಡು ಹೋಗಬೇಡಿ, ನಂಬರ್ ಹಿಡಿದು ಹೋಗಿ.

ಗ್ರೀಸ್ ತುಂಬುವುದು ಹೀಗೆ: ಎಡ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಗ್ರೀಸ್ ತೆಗೆದುಕೊಳ್ಳಿ. ಬೇರಿಂಗಿನ ಅಗಲ ಬದಿಯ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಿರಿ. ಹತ್ತು ಸಲ ಒತ್ತಿದ ಮೇಲೆ ಇನ್ನೊಂದು ಬದಿಯಲ್ಲಿ, ರೋಲರುಗಳ ಸಂದಿಯಿಂದ ಗ್ರೀಸ್ ಶ್ಯಾವಿಗೆಯ ಹಾಗೆ ಹೊರಬರುತ್ತದೆ. ಆಗ ಒಂದು ಬೆರಳಗಲ ತಿರುಗಿಸಿ ಮತ್ತೆ ಒತ್ತಿ. ಒಂದು ಸುತ್ತು ಮುಗಿಯುವ ತನಕ ಬಿಡಬೇಡಿ. ಮೇಲೆ ಸವರಿ ಕೂರಿಸಿದರೆ ಒಳಗೆ ಒಣಗಿಯೇ ಇರುತ್ತದೆ.

ಹೊಸ ಸೀಲ್ ಹಾಕಿ ಹಬ್ ಏರಿಸಿ. ಚಕ್ರ ತಿರುಗಿಸುತ್ತಲೇ ನಟ್ ಬಿಗಿಯಿರಿ. ಸ್ವಲ್ಪ ಹಿಡಿದಂತಾದಾಗ ನಿಲ್ಲಿಸಿ, ಸಡಿಲಿಸಿ, ಮತ್ತೆ ಬೆರಳಿನ ಬಲದಲ್ಲಿ ಮಾತ್ರ ಬಿಗಿದು ತೂತು ಕೂಡಿದಲ್ಲಿ ಪಿನ್ ಹಾಕಿ. ಪಿನ್ ಹೊಸದೇ ಆಗಬೇಕು, ಹಳೆಯದನ್ನು ನೆಟ್ಟಗೆ ಮಾಡಿ ಹಾಕುವ ಜಿಪುಣತನ ಬೇಡ. ಚಕ್ರದ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿದರೆ ಸಿಕ್ಕೂ ಸಿಗದಷ್ಟು ಆಟ ಇರಬೇಕು. ಸ್ವಲ್ಪ ಸಡಿಲವಾದರೆ ಚಿಂತೆಯಿಲ್ಲ. ಅತಿ ಬಿಗಿಯಾದರೆ ದಾರಿಯಲ್ಲೇ ಸುಡುತ್ತದೆ.

ಉಂಗುರ, ಕೊಕ್ಕೆ, ಸರಪಳಿ

ಉಂಗುರದ ಒಳಮೈಯಲ್ಲಿ ಕೊಕ್ಕೆ ಉಜ್ಜುವ ಕಡೆ ಸವೆದಿರುತ್ತದೆ. ಆ ಭಾಗದ ದಪ್ಪವನ್ನೂ ಪಕ್ಕದ್ದನ್ನೂ ವರ್ನಿಯರ್‌ನಲ್ಲಿ ಅಳೆದು ಹೋಲಿಸಿ. ಕಣ್ಣಿಗೇ ಹಳ್ಳ ಕಾಣುವಷ್ಟಾಗಿದ್ದರೆ ಉಂಗುರ ಬದಲಿಸಿ, ಮೇಲೆ ವೆಲ್ಡ್ ತುಂಬಿ ದುಂಡಗೆ ಮಾಡಿಸುವ ಕಸರತ್ತು ಬೇಡ. ಅದಕ್ಕೆ ಹೊಂದುವುದು ಬಾಯಿ ಮುಚ್ಚುವ ಪಿಂಟಲ್ ಹುಕ್. ಗುಂಡಿನ ಮೇಲೆ ಕೂರುವ ಬಾಲ್ ಕಪ್ಲರಿಗಿಂತ ಜಾಸ್ತಿ ಸದ್ದು ಮಾಡುತ್ತದೆ ನಿಜ. ಆದರೆ ಹಳ್ಳದಿಣ್ಣೆಯಲ್ಲಿ ಗಾಡಿ ಒಂದು ಕಡೆ, ಟ್ರೈಲರ್ ಇನ್ನೊಂದು ಕಡೆ ವಾಲಿದಾಗ ಇದು ಕೊಡುವ ಸಲಿಗೆ ಬಾಲ್ ಕೊಡುವುದಿಲ್ಲ. ನಾನಂತೂ ಸದ್ದನ್ನೇ ಆರಿಸಿಕೊಂಡೆ.

ಸರಪಳಿ ಎರಡು ಬೇಕು, ಎಳೆದಂಡದ ಅಡಿಯಲ್ಲಿ ಕತ್ತರಿಯಾಕಾರಕ್ಕೆ ಅಡ್ಡ ಹಾಯಬೇಕು. ಕೊಕ್ಕೆ ಕಳಚಿದರೂ ದಂಡ ನೆಲಕ್ಕೆ ನಾಟದೆ ಸರಪಳಿಯ ತೊಟ್ಟಿಲಲ್ಲಿ ಕೂರುತ್ತದೆ. ತಿರುವಿಗೆ ಸಾಕಾಗುವಷ್ಟು ಉದ್ದವಿರಲಿ, ನೆಲಕ್ಕೆ ಉಜ್ಜುವಷ್ಟು ಬೇಡ.

ದೀಪ

ಎಂ100ರ ವೈರಿಂಗ್ 24 ವೋಲ್ಟಿನದು. ನಮ್ಮ ಗಾಡಿಯ 12 ವೋಲ್ಟಿಗೆ ಕೊಟ್ಟರೆ ಹಳೇ ಬಲ್ಬು ಕೆಂಡದಂತೆ ಮಿಣುಕುತ್ತದೆ ಅಷ್ಟೇ, ಹಿಂದೆ ಬರುವವನಿಗೆ ಕಾಣುವುದಿಲ್ಲ. ನಾನು ಹಳೇ ದೀಪದ ಹೊರಗೂಡನ್ನು ಹಾಗೇ ಉಳಿಸಿಕೊಂಡು ಒಳಗೆ 12 ವೋಲ್ಟಿನ ಎಲ್‌ಇಡಿ ಕೂರಿಸಿದೆ, ವೈರ್ ಪೂರ್ತಿ ಹೊಸದು. ಅರ್ಥ್‌ಗೆ ಪ್ರತ್ಯೇಕ ವೈರನ್ನೇ ಪ್ಲಗ್ ತನಕ ಎಳೆಯಿರಿ. ಕೊಕ್ಕೆ-ಉಂಗುರದ ಮೂಲಕ ಅರ್ಥ್ ಸಿಗುತ್ತದೆ ಅಂತ ಬಿಟ್ಟರೆ ಪ್ರತಿ ಗುಂಡಿಗೂ ದೀಪ ಕಣ್ಣು ಹೊಡೆಯುತ್ತದೆ.

ಈಗ ಬಣ್ಣ

ಹಳೇ ಮಿಲಿಟರಿ ಬಣ್ಣದಲ್ಲಿ ಸೀಸ ಇರಬಹುದು, ಅಡಿಯ ಪ್ರೈಮರಿನಲ್ಲಿ ಕ್ರೋಮೇಟ್ ಇರಬಹುದು. 1980ರ ದಶಕದಿಂದೀಚೆಗೆ ಬಳಿದ ರಾಸಾಯನಿಕ ನಿರೋಧಕ ಬಣ್ಣವಾದರೆ ಸುಟ್ಟಾಗ ಏಳುವ ಹೊಗೆಯೇ ವಿಷ. ಒಣದಾಗಿ ಗ್ರೈಂಡರ್ ಹೊಡೆಯಬೇಡಿ, ಬಣ್ಣದ ಮೇಲೆಯೇ ವೆಲ್ಡಿಂಗ್ ಮಾಡಿಸಬೇಡಿ. ಬಣ್ಣ ಕೀಳುವ ದ್ರಾವಣ ಹಚ್ಚಿ ಹೆರೆಯಿರಿ, ಉಜ್ಜುವುದಿದ್ದರೆ ಒದ್ದೆಯಾಗಿ, ಫಿಲ್ಟರ್ ಇರುವ ಮಾಸ್ಕ್ ಹಾಕಿಕೊಂಡು, ಮಕ್ಕಳಿಲ್ಲದ ಕಡೆ. ಸಣ್ಣ ಸಾಮಾನಿನ ತುಕ್ಕಿಗೆ ವಾಷಿಂಗ್ ಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರ್ ಸಾಕು: ಸಾಮಾನನ್ನು ಋಣಕ್ಕೆ, ಸಾದಾ ಕಬ್ಬಿಣದ ತುಂಡನ್ನು ಧನಕ್ಕೆ ಕೊಟ್ಟು ಬಯಲಲ್ಲಿ ಇಡಿ. ಸ್ಟೇನ್‌ಲೆಸ್ ತುಂಡು ಹಾಕಬೇಡಿ, ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಆಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ನಿಮಗೆ ಬೇಕಾದ ಬಣ್ಣ. ಫಲಕದ ಮೇಲೆ ಮಾತ್ರ ಟೇಪ್ ಅಂಟಿಸಿ, ಬಣ್ಣ ಬಳಿಯಬೇಡಿ.

ಹೊರೆ ಮತ್ತು ಎಳೆತ

ಖಾಲಿ ಗಾಡಿ ಸುಮಾರು 255 ಕಿಲೋ. ರಸ್ತೆಯಿಲ್ಲದ ಕಡೆ ಹೇರಬಹುದಾದ್ದು ಸುಮಾರು 225, ರಸ್ತೆಯಲ್ಲಿ 340. ಟೆಂಟು, ಒಲೆ, ಪೆಟ್ಟಿಗೆ, ನೀರು ಎಲ್ಲ ಸೇರಿ 200 ದಾಟದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಆದರೆ ಎಷ್ಟು ಹೇರಿದಿರಿ ಅನ್ನುವುದಕ್ಕಿಂತ ಎಲ್ಲಿ ಹೇರಿದಿರಿ ಅನ್ನುವುದು ಮುಖ್ಯ. ಮೊದಲ ಪ್ರಯಾಣದಲ್ಲಿ 20 ಲೀಟರಿನ ಎರಡು ನೀರಿನ ಕ್ಯಾನು, ಕಬ್ಬಿಣದ ಒಲೆ, ಎಲ್ಲವನ್ನೂ ಕೈಗೆ ಸುಲಭವಾಗಲಿ ಅಂತ ಹಿಂದಿನ ಗೋಡೆಯ ಹತ್ತಿರ ಇಟ್ಟಿದ್ದೆ. ಗಂಟೆಗೆ 70 ಕಿಲೋಮೀಟರ್ ಮುಟ್ಟಿದ್ದೇ ತಡ, ಟ್ರೈಲರ್ ನಾಯಿ ಬಾಲ ಆಡಿಸಿದ ಹಾಗೆ ಆಡತೊಡಗಿತು, ಬಾಲ ನಾಯಿಯನ್ನೇ ಆಡಿಸುವ ಮಟ್ಟಕ್ಕೆ ಹೋಯಿತು. ಹೀಗಾದಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟೀರಿಂಗನ್ನು ನೆಟ್ಟಗೆ ಹಿಡಿದುಕೊಳ್ಳಿ. ಬ್ರೇಕ್ ಒತ್ತಿ ತುಳಿಯಬೇಡಿ, ಅತ್ತಿತ್ತ ತಿರುಗಿಸಿ ಸರಿಮಾಡಲು ಹೋಗಬೇಡಿ.

ಒಟ್ಟು ತೂಕದ ಶೇಕಡಾ 10ರಿಂದ 15 ಪಾಲು ಉಂಗುರದ ಮೇಲೆ ಕೂರಬೇಕು. 455 ಕಿಲೋ ಆದರೆ 45ರಿಂದ 68. ಅಳೆಯಲು ಮನೆಯ ತೂಕದ ಯಂತ್ರವೇ ಸಾಕು. ಒಂದು ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲಿನ ಪೈಪಿಗೆ, ಅಲ್ಲಿಂದ ಮೂರಡಿ ದೂರದಲ್ಲಿ ಇನ್ನೊಂದು ತುದಿ ತೂಕದ ಯಂತ್ರಕ್ಕೆ. ಪೈಪಿನಿಂದ ಒಂದಡಿ ದೂರದಲ್ಲಿ ಹಲಗೆಯ ಮೇಲೆ ಎಳೆದಂಡದ ತುದಿಯನ್ನು ಕೂರಿಸಿ. ಬಂದ ಅಂಕಿಯಲ್ಲಿ ಬರೀ ಹಲಗೆಯ ತೂಕ ಕಳೆದು ಮೂರರಿಂದ ಗುಣಿಸಿ. ಚಕ್ರಕ್ಕೆ ಅಡ್ಡ ಕೊಡುವುದು ಮರೆಯಬೇಡಿ. ಈಗ ನನ್ನ ನೀರಿನ ಕ್ಯಾನುಗಳ ಜಾಗ ಆಕ್ಸಲಿನಿಂದ ಒಂದು ಗೇಣು ಮುಂದೆ, ತಳಕ್ಕೆ ಒತ್ತಿ.

ಹಿಂದಕ್ಕೆ ತೆಗೆಯುವುದು ಬೇರೆಯೇ ವಿದ್ಯೆ. ಗಿಡ್ಡ ಟ್ರೈಲರ್ ಉದ್ದದ್ದಕ್ಕಿಂತ ಬೇಗ ಮಡಚಿಕೊಳ್ಳುತ್ತದೆ, ಕನ್ನಡಿಯಲ್ಲಿ ಕಾಣುವುದೂ ಇಲ್ಲ. ಹಿಂದಿನ ಎರಡು ಮೂಲೆಗೆ ತೆಳು ಕೋಲು ಸಿಕ್ಕಿಸಿ ತುದಿಗೆ ಕೆಂಪು ಬಟ್ಟೆ ಕಟ್ಟಿ. ಸ್ಟೀರಿಂಗಿನ ಕೆಳಭಾಗದಲ್ಲಿ ಕೈಯಿಟ್ಟು, ಟ್ರೈಲರ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿ. ನಿಧಾನ, ಕೂಸು ಮಲಗಿಸುವಷ್ಟು ನಿಧಾನ.

ಹೊರಟು ಹದಿನೈದು ಇಪ್ಪತ್ತು ಕಿಲೋಮೀಟರಿಗೆ ನಿಲ್ಲಿಸಿ, ಹಬ್ಬಿನ ಹತ್ತಿರ ಹಿಂಗೈ ಒಯ್ದು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅಥವಾ ಒಂದು ಬದಿ ಮಾತ್ರ ಬಿಸಿಯಾಗಿದ್ದರೆ ಅಲ್ಲೇ ಬಿಚ್ಚಿ. ಹೊಸದಾಗಿ ಹಾಕಿದ ಚಕ್ರದ ನಟ್‌ಗಳನ್ನು 80 ಕಿಲೋಮೀಟರಿನೊಳಗೆ ಇನ್ನೊಮ್ಮೆ ಬಿಗಿಯಿರಿ, ಎಡದ್ದು ಎಡಕ್ಕೆ ಅನ್ನುವುದು ನೆನಪಿರಲಿ.

ಬೀಡು ಬಿಟ್ಟ ಜಾಗದಲ್ಲಿ ಮೊದಲು ಚಕ್ರಕ್ಕೆ ಅಡ್ಡ, ಆಮೇಲೆ ಕೈಬ್ರೇಕ್, ಆಮೇಲೆ ಮುಂದಿನ ಕಾಲು ಇಳಿಸಿ ಕೊಕ್ಕೆ ಬಿಡಿಸಿ. ಹಿಂಬದಿಗೂ ಊರುಗೋಲು ಕೊಡದೆ ಯಾರನ್ನೂ ಹತ್ತಿಸಬೇಡಿ, ತಕ್ಕಡಿಯ ಹಾಗೆ ಹಿಂದಕ್ಕೆ ಮಗುಚುತ್ತದೆ. ಭಾವ ಒಮ್ಮೆ ಕಾಫಿ ಲೋಟ ಹಿಡಿದುಕೊಂಡೇ ಹಾಗೆ ಜಾರಿ ಬಂದರು. ಕಾಫಿ ಚೆಲ್ಲಲಿಲ್ಲ, ನನ್ನನ್ನು ಮಾತ್ರ ಸಂಜೆಯತನಕ ಮಾತಾಡಿಸಲಿಲ್ಲ.

ಮನೆಗೆ ಬಂದ ಮೇಲೆ ತೊಟ್ಟಿ ತೊಳೆದು, ತಳದ ಪ್ಲಗ್‌ಗಳನ್ನು ಬಿಚ್ಚಿ, ಮುಂಭಾಗ ಸ್ವಲ್ಪ ಎತ್ತರಿಸಿ ನಿಲ್ಲಿಸಿ. ಬಿಚ್ಚಿದ ಪ್ಲಗ್‌ಗಳನ್ನು ದಾರದಲ್ಲಿ ಪೋಣಿಸಿ ನಾನು ಕೊಕ್ಕೆಗೇ ನೇತುಹಾಕುತ್ತೇನೆ. ಮುಂದಿನ ಸಲ ಹೊರಡುವಾಗ ಅವು ಕೈಗೆ ತಗುಲದೆ ಉಂಗುರ ಸಿಕ್ಕಿಸಲು ಆಗುವುದಿಲ್ಲ.